ಗ್ರಹಣದ ಪಾಠ

ಲಿಂಗಸುಗೂರಿನ ಶಾಲೆಯೊಂದರಲ್ಲಿ ಫರ್ಜಾನಾ ಟೀಚರ್ ಏಳನೇ ತರಗತಿಗೆ ಚಂದ್ರಗ್ರಹಣದ ಪಾಠ ಶುರು ಮಾಡಿದರು. ಮೊದಲ ವಾಕ್ಯದ ನಡುವೆಯೇ ಗೋಡೆಗೆ ಹಾಕಿದ್ದ ಮಾತಿನ ಕಾವಲು ಪೆಟ್ಟಿಗೆ ಕೆಂಪಾಗಿ ಅವರ ದನಿ ಅಡಗಿತು. ಬೇರೆಯವರ ಒಡೆತನದ ಮಾತನ್ನು ತರಗತಿಯಲ್ಲಿ ಯಾರು ಆಡಿದರೂ ಹೀಗೇ ಆಗುತ್ತಿತ್ತು.

ಆ ವಾಕ್ಯವನ್ನು ಬರೆದವರು ಫರ್ಜಾನಾ ಅವರೇ. ಹತ್ತು ವರ್ಷದ ಹಿಂದೆ, ‘ಯಾರು ಬೇಕಾದರೂ ಬಳಸಬಹುದು’ ಎಂಬ ಸಾಲು ಸೇರಿಸದೆ ಅದನ್ನು ಅಂತರ್ಜಾಲಕ್ಕೆ ಹಾಕಿದ್ದರು. ಪ್ರಕಾಶನ ಸಂಸ್ಥೆಯೊಂದು ಅದನ್ನು ತನ್ನ ಹೆಸರಿಗೆ ಬರೆಸಿಕೊಂಡಿತ್ತು.

ಫರ್ಜಾನಾ ಬೇರೆ ಬೇರೆ ಮಾತುಗಳಲ್ಲಿ ಹೇಳಲು ನೋಡಿದರು. ಆ ಮಾತುಗಳಿಗೂ ಒಡೆಯರಿದ್ದರು; ಪ್ರತಿ ಸಲವೂ ದನಿ ಹೋಯಿತು.

ಆಗ ಮುಂದಿನ ಸಾಲಿನ ದ್ರಾಕ್ಷಾಯಣಿ ಎದ್ದು ನಿಂತಳು.

“ನಾ ಹೇಳ್ತೀನ್ರಿ ಟೀಚರ್. ಭೂಮಿ ನಡುವ ಹೋಗಿ ನಿಂತು, ಚಂದ್ರಗ ಬಿಸಲು ಬೀಳಾಕ ಬಿಡೂದಿಲ್ರಿ.”

ಪೆಟ್ಟಿಗೆ ಕೆಂಪಾಗಲಿಲ್ಲ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಫರ್ಜಾನಾ ಅವರ ಕಣ್ಣು ತುಂಬಿತು.

“ಇನ್ನೊಮ್ಮೆ ಹೇಳವ್ವಾ, ಎಲ್ಲಾರೂ ಬರಕೊಳ್ಳಲಿ,” ಎಂದರು.

ದ್ರಾಕ್ಷಾಯಣಿಯ ತುಟಿಗಳು ಆಡಿದವು, ಮಾತು ಕೇಳಿಸಲಿಲ್ಲ. ಪೆಟ್ಟಿಗೆಯ ಮೂಲಕ ತರಗತಿಗೆ ಕಿವಿಗೊಟ್ಟಿದ್ದ ಸಂಸ್ಥೆ ಅಷ್ಟರಲ್ಲಿ ಅದನ್ನೂ ತನ್ನದಾಗಿಸಿಕೊಂಡಿತ್ತು.

ಹುಡುಗಿ ಗಾಬರಿಯಾಗಿ ಕೇಳಿದಳು: “ಟೀಚರ್, ನಾ ಹೇಳಿದ್ದು ನಂದಲ್ಲೇನ್ರಿ?”

ಫರ್ಜಾನಾ ಅವಳ ಕೈ ಹಿಡಿದುಕೊಂಡರು.