ಮಂಡಿನೋವಿನ ಮಾತ್ರೆ

ಮಂಡಿನೋವಿನ ಹೊಸ ಔಷಧಿಯ ಸಂಶೋಧನೆಗೆ ಹಣ ಕೊಡುವ ಸರ್ಕಾರಿ ಅಧಿಕಾರಿ ಕುಂಟುತ್ತಲೇ ತಪಾಸಣೆಗೆ ಬಂದರು. ಖರ್ಚಿನ ವಿವರ ನೋಡಿ ಹುಬ್ಬು ಗಂಟಿಕ್ಕಿದರು.

“ಪರೀಕ್ಷೆಗೆ ಬಂದ ಅರ್ಧ ಜನಕ್ಕೆ ಔಷಧಿಯೇ ಇಲ್ಲದ ಮಾತ್ರೆನಾ? ಅದಕ್ಕೂ ಸರ್ಕಾರದ ದುಡ್ಡಾ?”

“ನಿಜವಾದ ಔಷಧಿ ಜೊತೆ ಹೋಲಿಸಿ ನೋಡೋಕೆ ಬೇಕು ಸಾರ್. ಅದಿಲ್ಲದೆ ನಮ್ಮ ಸಂಶೋಧನೆಯೇ ನಿಂತುಹೋಗುತ್ತೆ,” ಎಂದಳು ಡಾ. ಮೃಣಾಲಿನಿ.

“ಬರೀ ಹಿಟ್ಟು ನುಂಗಿದ್ರೆ ಯಾರ ನೋವಮ್ಮ ಹೋಗುತ್ತೆ?” ಎನ್ನುತ್ತಾ ಅವರು ಆ ಖರ್ಚನ್ನು ಹೊಡೆದುಹಾಕಿದರು. ಆಮೇಲೆ ದನಿ ತಗ್ಗಿಸಿ, “ನನಗೂ ಎರಡು ಮಾತ್ರೆ ಕೊಡಮ್ಮ” ಎಂದರು.

ಅವಳು ಒಂದು ಕ್ಷಣ ಯೋಚಿಸಿ ಕೊಟ್ಟಳು. ಊಟ ಮುಗಿಸಿದ ಅಧಿಕಾರಿ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿಕೊಂಡೇ ಬಂದರು.

“ಏನು ಔಷಧಿ ಕಣಮ್ಮ! ಒಂದು ತಿಂಗಳಿಗಾಗುವಷ್ಟು ಕಟ್ಟಿಕೊಡು.”

“ಎಲ್ಲಿಂದ ತರಲಿ ಸಾರ್? ಅದರ ದುಡ್ಡನ್ನೇ ನೀವು ಬೆಳಿಗ್ಗೆ ಹೊಡೆದುಹಾಕಿದ್ರಲ್ಲ.”