ಮಂಗಳವಾರದ ವಿಮಾನ

ಬಾಲಿಗೆ ಹೋಗುವ ವಿಮಾನ ಮಂಗಳವಾರ ಮಧ್ಯಾಹ್ನಕ್ಕಿತ್ತು. ಮದುವೆಯಾಗಿ ತಿಂಗಳೂ ಕಳೆಯದ ಹೆಂಡತಿ ಹಟ ಹಿಡಿದಳು.

"ಮಂಗಳವಾರ ಹೆಣ್ಣುಮಕ್ಕಳು ಮನೆ ಬಿಟ್ಟು ಹೊರಡಬಾರ್ದು ರೀ. ಸೋಮವಾರಾನೇ ಹೊರಟುಬಿಡೋಣ. ಏರ್‌ಪೋರ್ಟ್ ಹತ್ರಾನೇ ನಮ್ಮ ದೊಡ್ಡಮ್ಮನ ಊರಿದೆ, ರಾತ್ರಿ ಅಲ್ಲಿದ್ರಾಯ್ತು."

ಹಾಗೆ ಸೋಮವಾರ ಸಂಜೆ ಇಬ್ಬರೂ ಸೂಟ್‌ಕೇಸುಗಳ ಸಮೇತ ಆ ಪುಟ್ಟ ಹಳ್ಳಿಗೆ ಬಂದಿಳಿದರು. ಹೊಸ ಅಳಿಯ ಸಾಕು ಸಾಕು ಎಂದರೂ ಬಿಡದೆ ದೊಡ್ಡಮ್ಮ ಒಬ್ಬಟ್ಟು ಬಡಿಸಿದರು.

ಬೆಳಿಗ್ಗೆ ಟ್ಯಾಕ್ಸಿ ಬಂತು. ದೊಡ್ಡಮ್ಮ ಹೊಸ್ತಿಲಿಗೆ ಅಡ್ಡ ನಿಂತರು.

"ಎಲ್ಲಿಗೆ ಹೊರಟೆ?"

"ಬಾಲಿಗೆ, ದೊಡ್ಡಮ್ಮ. ನಿನ್ನೇನೇ ಹೇಳಿದ್ನಲ್ಲ."

"ಇವತ್ತು ಮಂಗಳವಾರ ಕಣೇ. ಮನೆಮಗಳನ್ನ ಹೆಂಗೆ ಕಳಿಸಲಿ?"

"ನಾವು ಮನೆ ಬಿಟ್ಟಿದ್ದು ನಿನ್ನೆ, ಅತ್ತೆ," ಎಂದ ಅಳಿಯ.

"ನಿಮ್ಮನೆ ಬಿಟ್ಟಿದ್ದು ನಿನ್ನೆ. ನಮ್ಮನೆ ಬಿಡ್ತಿರೋದು ಇವತ್ತು."

ಅಳಿಯ ಹೆಂಡತಿಯ ಮುಖ ನೋಡಿದ. ಅವಳು "ಅದೂ ನಿಜಾನೇ ರೀ," ಎಂದು ಚಪ್ಪಲಿ ಕಳಚಿದಳು.

"ಟಿಕೆಟ್ಟು, ಹೋಟೆಲ್ಲು ಎಲ್ಲಾ ಬುಕ್ ಆಗಿದೆ ಅತ್ತೆ, ಪೂರ್ತಿ ದಂಡ ಆಗುತ್ತೆ," ಎಂದು ಅಳಿಯ ಮೊಬೈಲಿನಲ್ಲಿದ್ದ ಟಿಕೆಟ್ ತೋರಿಸಿದ.

ದೊಡ್ಡಮ್ಮನಿಗೂ ಅಯ್ಯೋ ಎನ್ನಿಸಿತು. ಮಗಳ ಸೂಟ್‌ಕೇಸನ್ನು ಒಳಗೆಳೆದಿಟ್ಟು, ಅಳಿಯನದನ್ನು ತಾವೇ ಹೊತ್ತು ತಂದು ಟ್ಯಾಕ್ಸಿಗೆ ಹಾಕಿದರು.

"ಗಂಡಸರಿಗೆ ಮಂಗಳವಾರದ ಅಡ್ಡಿ ಏನೂ ಇಲ್ಲ. ನೀವು ಆರಾಮಾಗಿ ಹನಿಮೂನ್ ಮುಗಿಸ್ಕೊಂಡು ಬನ್ನಿ."