ಹಲ್ ಪಟ್ಟಣದ ಸ್ಕಾಗರ್‌ಬಿಗಳು

ಆಂಬ್ರೋಸ್ ಸ್ಕಾಗರ್‌ಬಿ ಭೂಪಟಕ್ಕೆ ಮತ್ತೊಂದು ಗುಂಡುಸೂಜಿ ಚುಚ್ಚಿದ. ಚುಚ್ಚಿದ್ದು ಕಾಗದಕ್ಕಾದರೂ ನೋಯಬೇಕಾದದ್ದು ಸೋದರಳಿಯ ಸೆಡ್ರಿಕ್‌ಗೆ. ಅದಕ್ಕೆಂದೇ ಅವನನ್ನು ಎದುರಿಗೆ ಕೂರಿಸಿಕೊಂಡಿದ್ದ.

"ನೋಡ್ತಾ ಇದ್ದೀಯೇನೋ? ಒಂದು ಸೂಜಿಗೆ ಒಬ್ಬ ಸ್ಕಾಗರ್‌ಬಿ. ಇವತ್ತು ಎಲ್ಲರೂ ಚಹಾಕ್ಕೆ ಬರ್ತಾರೆ. ಅವರಲ್ಲಿ ಒಬ್ಬನಿಗೆ ಈ ಮನೆ. ನಿನಗೆ ಸೂಜಿಯ ಖಾಲಿ ಡಬ್ಬಿ."

"ಡಬ್ಬಿ ಚೆನ್ನಾಗಿದೆ ಮಾವ," ಎಂದ ಸೆಡ್ರಿಕ್.

ಜಗಳ ಹುಟ್ಟಿದ್ದು ಕ್ರಿಸ್‌ಮಸ್ ಊಟದಲ್ಲಿ. ಆಂಬ್ರೋಸ್‌ಗೆ ಮಕ್ಕಳಿಲ್ಲ. ಮನೆ ಬೇಕಾದರೆ ತಂದೆಯ ಕಡೆಯ ಹೆಸರು ಬಿಟ್ಟು ತನ್ನ ಮನೆತನದ ಹೆಸರು ಇಟ್ಟುಕೋ ಎಂದಿದ್ದ. ಅಂಥ ಮನೆಗಳಲ್ಲಿ ಅದು ಹಳೆಯ ಷರತ್ತು. ಸೆಡ್ರಿಕ್ ಗಂಭೀರವಾಗಿ ಯೋಚಿಸಿ, ಚಿಟಿಕೆ ಮೆಣಸಿನಪುಡಿಯನ್ನು ಮೂಗಿನ ಹತ್ತಿರ ಹಿಡಿದು, "ಆ... ಆ... ಸ್ಕಾಗರ್‌ಬೀ!" ಎಂದು ಸೀನಿ ತೋರಿಸಿದ. ಬಟ್ಲರ್ ಕೂಡ ನಕ್ಕುಬಿಟ್ಟ. ಬಟ್ಲರ್‌ನ ಕೆಲಸ ಅಂದೇ ಹೋಯಿತು. ಅಳಿಯನ ಆಸ್ತಿ ಇವತ್ತು ಹೋಗಬೇಕಿತ್ತು.

ಸೀನುವ ಹೆಸರೇ ಅದು? ಯಾರ್ಕ್‌ಷೈರ್‌ನ ಕಡಲಂಚಿನಲ್ಲಿ ಸ್ಕಾಗಿ ಎಂಬ ಡೆನ್ಮಾರ್ಕಿನ ನಾವಿಕ ಕಟ್ಟಿದ ಊರಿನ ಹೆಸರು. ಸಮುದ್ರ ಆ ಊರನ್ನು ವರ್ಷಕ್ಕಿಷ್ಟೆಂದು ಕೊರೆದು, ಕೊನೆಗೆ ಚರ್ಚಿನ ಗಂಟೆಯನ್ನೂ ನುಂಗಿತು. ಊರು ನೀರುಪಾಲು; ಹೆಸರು ಮಾತ್ರ ದಡ ಸೇರಿತು, ಅದೂ ಒಂದೇ ಮನೆತನದಲ್ಲಿ. ಆಂಬ್ರೋಸ್ ಅದನ್ನು ಜಿಪುಣನ ಹಾಗೆ ಕಾಪಾಡಿಕೊಂಡಿದ್ದ. ಹರೆಯದಲ್ಲಿ ಒಮ್ಮೆ ಅಡುಗೆಮನೆಯ ಕಡೆಯಿಂದಲೂ ಆ ಹೆಸರಿಗೆ ಬೇಡಿಕೆ ಬಂದದ್ದುಂಟು. "ಇದು ಹಿತ್ತಲಲ್ಲಿ ಹಂಚೋ ಹಳೇ ಬಟ್ಟೆಯಲ್ಲ," ಎಂದು ಸಾಗಹಾಕಿದ್ದ.

ಸೇಡಿಗೆಂದು ದೇಶದ ಟೆಲಿಫೋನ್ ಡೈರೆಕ್ಟರಿಗಳನ್ನೆಲ್ಲ ತರಿಸಿದಾಗ ಅವನೇ ಬೆರಗಾದ. ಲಂಡನ್ನಿನಲ್ಲಿ ಒಬ್ಬ ಸ್ಕಾಗರ್‌ಬಿಯೂ ಇಲ್ಲ. ಸ್ಕಾಟ್ಲೆಂಡಿನಲ್ಲಿ ಇಲ್ಲ. ಹಲ್ ಬಂದರಿನಲ್ಲಿ ಮಾತ್ರ ಒಂದು ಹಿಡಿ! ಸೂಜಿಯ ತಲೆಗಳಿಗೇ ಜಾಗ ಸಾಲದು. ತಕ್ಷಣ ನೆನಪಾದದ್ದು ತಿಮಿಂಗಿಲ ಬೇಟೆಯ ಹಡಗು ಹತ್ತಿ ಓಡಿಹೋಗಿದ್ದ ಮುತ್ತಾತನ ತಮ್ಮ.

"ಓಡಿಹೋದವನು ಸುಮ್ಮನೆ ಕೂತಿಲ್ಲ!" ಎಂದು ತೊಡೆ ತಟ್ಟಿಕೊಂಡಿದ್ದ.

ಬಾಡಿಗೆ ಬಸ್ಸು ಅಂಗಳಕ್ಕೆ ಬಂತು. ಇಳಿದವರಲ್ಲಿ ಒಬ್ಬನದು ಕೆಂಗೂದಲು, ಒಬ್ಬನದು ಕಪ್ಪುಗಣ್ಣು, ಇನ್ನೊಬ್ಬನ ಮೂಗು ಹಡಗಿನ ಮೂತಿ. "ಕಡಲ ಗಾಳಿ ಮುಖ ಬದಲಾಯಿಸತ್ತೆ, ರಕ್ತ ಬದಲಾಯಿಸಲ್ಲ," ಎಂದ ಆಂಬ್ರೋಸ್.

ಆದರೆ ಅವರ ರೀತಿ! ಎಲ್ಲರೂ ಎಡತೋಳನ್ನು ತಟ್ಟೆಯ ಸುತ್ತ ಕೋಟೆ ಕಟ್ಟಿ ಗಬಗಬ ತಿಂದರು. ಜಾಮ್ ಉಳಿಯದಂತೆ ರೊಟ್ಟಿಯ ಚೂರಿನಿಂದ ತಟ್ಟೆ ಒರೆಸಿದರು. ಆಂಬ್ರೋಸ್‌ನ ಕಣ್ಣು ತೇವವಾಯಿತು. "ನನ್ನ ತಾತನೂ ಹೀಗೇ ಒರೆಸ್ತಿದ್ದ!"

ಲಾಯದ ಗಡಿಯಾರ ಗಂಟೆ ಹೊಡೆಯಿತು. ನಡುವಯಸ್ಸಿನ ಆ ಗಂಡಸರೆಲ್ಲ ಎದ್ದು, ಗಿಡ್ಡವರು ಮುಂದೆ, ಉದ್ದನೆಯವರು ಹಿಂದೆ ಸಾಲುಗಟ್ಟಿದರು. ಆಮೇಲೆ ತಮ್ಮನ್ನು ತಾವೇ ನೋಡಿಕೊಂಡು ನಾಚಿ ನಕ್ಕರು.

"ಶಿಸ್ತು ನೋಡು! ನಾವಿಕರ ರಕ್ತ!"

"ಮಾವ," ಸೆಡ್ರಿಕ್ ತಿನ್ನುವುದನ್ನು ನಿಲ್ಲಿಸಿದ್ದ. "ಇವರಲ್ಲಿ ಒಬ್ಬರೂ ಮುದುಕರಿಲ್ಲವಲ್ಲ?"

"ಹೊಟ್ಟೆಕಿಚ್ಚು ಕಣೋ ನಿನಗೆ." ಆಂಬ್ರೋಸ್ ಬಸ್ ಓಡಿಸಿಕೊಂಡು ಬಂದಿದ್ದ ನೆಡ್ ಸ್ಕಾಗರ್‌ಬಿಯ ಕಡೆ ತಿರುಗಿದ. "ನಿಮ್ಮ ಹಿರಿಯರು ಯಾರಪ್ಪ?"

"ಅಮ್ಮ ಬಸ್ಸಲ್ಲೇ ಇದ್ದಾರೆ ಸಾರ್, ಮಂಡಿ ನೋವು. ಕರ್ಕೊಂಡು ಬರ್ತೀನಿ."

"ಯಾರ ಅಮ್ಮ?"

"ಎಲ್ಲರಿಗೂ ಅಮ್ಮ ಸಾರ್," ಎಂದು ನೆಡ್ ನಕ್ಕ.

ಕೋಲೂರಿಕೊಂಡು ಒಳಬಂದ ಮುದುಕಿಯನ್ನು ಕಂಡದ್ದೇ ಸಾಲು ಮತ್ತೆ ನೆಟ್ಟಗಾಯಿತು. ಆಕೆ ಕೋಣೆಯನ್ನು, ಯಾವ ಚಮಚ ಎಲ್ಲಿದೆ ಎಂದು ಬಲ್ಲವಳಂತೆ, ಒಂದು ಸುತ್ತು ನೋಡಿದಳು. ಭೂಪಟವನ್ನು ತುಸು ಹೆಚ್ಚೇ ಹೊತ್ತು ನೋಡಿದಳು.

"ಹೋದದ್ದು ಹಿತ್ತಲಿಂದ, ಬಂದದ್ದು ಮುಂಬಾಗಿಲಿಂದ. ಚೆನ್ನಾಗಿದ್ದೀರಾ, ಚಿಕ್ಕ ಯಜಮಾನ್ರೆ?"

ಎಪ್ಪತ್ತು ದಾಟಿದ ಆಂಬ್ರೋಸ್ ಬೆವತ. ಅವನನ್ನು ಹಾಗೆ ಕರೆಯುತ್ತಿದ್ದದ್ದು ಅಪ್ಪನ ಕಾಲದ ಅಡುಗೆಮನೆಯವರು ಮಾತ್ರ.

"ಹೆಟ್ಟಿ?"

"ಈಗ ಮೇಟ್ರನ್ ಹೆಟ್ಟಿ. ಹಲ್‌ನ ಅನಾಥಾಲಯದಲ್ಲಿ ಕೂದಲು ಬೆಳ್ಳಗಾಯ್ತು. ಯುದ್ಧದ ಕಾಲ ನೋಡಿ. ಮೆಟ್ಟಿಲ ಮೇಲೆ ಬಿಟ್ಟುಹೋದ ಕೂಸುಗಳು, ಬಾಂಬ್ ಬಿದ್ದ ಬೀದೀಲಿ ಸಿಕ್ಕ ಕೂಸುಗಳು. ಹೆಸರು ಗೊತ್ತಿಲ್ಲದ ಮಗೂಗೆ ಹೆಸರಿಡೋದು ಮೇಟ್ರನ್ ಕೆಲಸ. ಬೇರೆಯವರು ಸಿಕ್ಕ ಬೀದಿಯ ಹೆಸರು ಇಡ್ತಿದ್ರು. ನನಗೆ ಬಾಯಿಗೆ ಬರ್ತಿದ್ದದ್ದು ಒಂದೇ. ನೀವು ಒಬ್ಬನಿಗೆ ಕೊಡಲ್ಲ ಅಂದ್ರಿ. ನಾನು ಬಂದೋರಿಗೆಲ್ಲ ಕೊಟ್ಟೆ."

"ಆ... ಆ..." ಸೆಡ್ರಿಕ್ ಕರವಸ್ತ್ರಕ್ಕೆ ಕೈಹಾಕಿದ.

"ಮುಚ್ಚೋ ಬಾಯಿ!" ಆಂಬ್ರೋಸ್‌ನ ಮುಖ ಬೀಟ್‌ರೂಟ್ ಆಯಿತು. "ಹೊರಗೆ! ನನ್ನ ರಕ್ತವಲ್ಲದ ಒಬ್ಬನೂ ಇಲ್ಲಿ ನಿಲ್ಲಕೂಡದು! ಹೋಗಿ ಎಲ್ಲರೂ..."

ಅಷ್ಟರಲ್ಲಿ ಹಿತ್ತಲ ಬಾಗಿಲು ನೆನಪಾಯಿತು. ಅಂದು ಹೆಟ್ಟಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ ಬಗೆಯೂ. ಕೆಂಗೂದಲು, ಕಪ್ಪುಗಣ್ಣು, ಹಡಗಿನ ಮೂಗು, ನೆಡ್‌ನ ದೊಡ್ಡ ಕೈಗಳು. ಅವನ ನೋಟ ಒಂದೊಂದೇ ಮುಖ ತಡಕಿತು.

"ಹೆಟ್ಟಿ," ಎಂದ, ಅಳಿಯನಿಗೆ ಕೇಳಿಸದಷ್ಟು ಮೆಲ್ಲಗೆ. "ಆ ಮಗು ಏನಾಯ್ತು?"

ಹೆಟ್ಟಿ ಡಬ್ಬಿಯಲ್ಲಿ ಉಳಿದಿದ್ದ ಒಂದು ಸೂಜಿಯನ್ನು ಅವನ ಅಂಗೈಗೆ ಹಾಕಿದಳು. "ಆ ಸಾಲಲ್ಲೇ ನಿಂತಿದ್ದಾನೆ ಯಜಮಾನ್ರೆ, ಯಾರು ಅಂತ ಅವನಿಗೂ ಹೇಳಿಲ್ಲ, ನಿಮಗೂ ಹೇಳಲ್ಲ."